ಕೊಂಬಿನಿಯ ಫ್ರೀಜರ್ ಮುಂದೆ ನಿಂತಾಗ ಯಾವುದನ್ನು ಎತ್ತಿಕೊಳ್ಳಬೇಕು?

ಜಪಾನಿಗೆ ಪ್ರವಾಸ ಹೊರಟವರೂ, ಆರು ತಿಂಗಳ ಕೆಲಸಕ್ಕೆಂದು ತೋಕ್ಯೊಗೆ ಬಂದಿಳಿದವರೂ ಕೇಳುವ ಪ್ರಶ್ನೆ ಒಂದೇ. ಕೊಂಬಿನಿಯಲ್ಲಿ ಫ್ರೋಜನ್ ತಿನಿಸು ಇಷ್ಟೊಂದು ಇದೆಯಲ್ಲ, ಯಾವುದು ತಗೊಳ್ಳೋದು? ಕೊಂಬಿನಿ ಅಂದರೆ ಬೀದಿಗೊಂದರಂತೆ ಇರುವ, ಹೆಚ್ಚಿನವು ದಿನದ 24 ಗಂಟೆಯೂ ತೆರೆದಿರುವ ಪುಟ್ಟ ಅಂಗಡಿ. ದೇಶದಲ್ಲಿ 55 ಸಾವಿರಕ್ಕೂ ಜಾಸ್ತಿ ಇವೆ. ಮೊದಲು ಅಲ್ಲಿನ ಫ್ರೀಜರ್ ಅಂದರೆ ಐಸ್‌ಕ್ರೀಮ್ ಮತ್ತು ಒಂದೆರಡು ಬಗೆಯ ನೂಡಲ್ಸ್ ಅಷ್ಟೇ. ಕೋವಿಡ್ ಕಾಲದಲ್ಲಿ ಜನ ಮನೆಯಲ್ಲೇ ಊಟ ಮಾಡತೊಡಗಿದ ಮೇಲೆ ಫ್ರೀಜರಿಗೆ ಕೊಟ್ಟ ಜಾಗ ಹಿಗ್ಗಿತು. ಈಗ ಗಾಜಿನ ಬಾಗಿಲ ಹಿಂದೆ ಉದೋನ್, ಫ್ರೈಡ್ ರೈಸ್, ಪಿಜ್ಜಾ, ಮಾವಿನ ಹೋಳು, ಪಾಲಕ್, ಎಲ್ಲವೂ ನಿಂತಿವೆ. ಪೊಟ್ಟಣದ ಚಿತ್ರ ನೋಡಿದರೆ ಎಲ್ಲವೂ ಚೆಂದ. ಹಾಗಾಗಿ ಚಿತ್ರ ಬಿಟ್ಟು ಬೇರೆ ನಾಲ್ಕು ವಿಷಯ ನೋಡಿ ಆರಿಸಿದರೆ ವಾಸಿ.

ಮೊದಲು ಇವನ್ನು ತೀರ್ಮಾನಿಸಿ

ಮೊದಲನೆಯದು, ಬಿಸಿ ಮಾಡೋದು ಎಲ್ಲಿ? ರುಚಿಗಿಂತ ಮುಂಚೆ ಇದನ್ನು ಯೋಚಿಸಬೇಕು. ಅಗ್ಗದ ಬಿಸಿನೆಸ್ ಹೋಟೆಲ್‌ಗಳಲ್ಲಿ ಮೈಕ್ರೋವೇವ್ ಸಾಮಾನ್ಯವಾಗಿ ಕೋಣೆಯೊಳಗೆ ಇರೋದಿಲ್ಲ. ಯಾವುದೋ ಮಹಡಿಯ ಕೊನೆಯಲ್ಲಿ, ವೆಂಡಿಂಗ್ ಮಷಿನ್ ಪಕ್ಕ ಒಂದು ಇಟ್ಟಿರುತ್ತಾರೆ. ಕೋಣೆಯ ಪುಟ್ಟ ಫ್ರಿಜ್ಜಿನಲ್ಲಿ ಬಹಳ ಸಲ ಫ್ರೀಜರ್ ಭಾಗವೇ ಇರೋದಿಲ್ಲ. ಫ್ರೋಜನ್ ಆಹಾರ ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರಬೇಕು. ಹೋಟೆಲ್‌ನಲ್ಲಿ ಇಳಿದವರು ಅವತ್ತಿನದನ್ನು ಅವತ್ತೇ ಕೊಂಡು ತಿನ್ನಬೇಕು, ನಾಲ್ಕು ದಿನದ್ದನ್ನು ಒಟ್ಟಿಗೆ ಕೊಳ್ಳಬಾರದು. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿದರೆ ರುಚಿಯೂ ಹೋಯಿತು, ಹೊಟ್ಟೆಗೂ ಒಳ್ಳೆಯದಲ್ಲ.

ಎರಡನೆಯದು, ನೀವು ಏನು ತಿನ್ನುತ್ತೀರಿ? ಶುದ್ಧ ಸಸ್ಯಾಹಾರಿಯೋ, ಮೊಟ್ಟೆ ನಡೆಯುತ್ತದೋ, ಮೀನಿನ ಸಾರು ಸೋಕಿದರೆ ಪರವಾಗಿಲ್ಲವೋ, ಹಂದಿ-ದನ ಮಾತ್ರ ಬೇಡವೋ? ಇದಕ್ಕೆ ಉತ್ತರ ಸಿಕ್ಕರೆ ಫ್ರೀಜರಿನ ಮುಕ್ಕಾಲು ಪಾಲು ತಾನಾಗೇ ಪಕ್ಕಕ್ಕೆ ಸರಿಯುತ್ತದೆ.

ಮೂರನೆಯದು, ಆ ತಿನಿಸು ಹೆಪ್ಪುಗಟ್ಟೋದನ್ನು ತಡೆದುಕೊಳ್ಳುತ್ತದಾ? ಆಹಾರದಲ್ಲಿರುವ ನೀರು ಮುಖ್ಯವಾಗಿ ಮೈನಸ್ 1 ಮತ್ತು ಮೈನಸ್ 5 ಡಿಗ್ರಿ ನಡುವೆ ಹರಳಾಗುತ್ತದೆ. ಕಾರ್ಖಾನೆಯಲ್ಲಿ ಈ ಹಂತವನ್ನು ಬೇಗ ದಾಟಿಸುತ್ತಾರೆ, ಹರಳು ಸಣ್ಣದಾಗಿರುತ್ತದೆ, ಒಳಗಿನ ರಚನೆ ಒಡೆಯೋದಿಲ್ಲ. ಹಾಗಿದ್ದರೂ ಎಲ್ಲಕ್ಕೂ ಇದು ಒಗ್ಗೋದಿಲ್ಲ. ಗೋಧಿ ನೂಡಲ್ಸ್, ಹುರಿದ ಅನ್ನ, ಕಾಳು ಚೆನ್ನಾಗಿ ಉಳಿಯುತ್ತವೆ. ಗರಿಗರಿ ಇರಬೇಕಾದದ್ದು ಮೈಕ್ರೋವೇವ್‌ನಲ್ಲಿ ಸೋಲುತ್ತದೆ.

ನಾಲ್ಕನೆಯದು ಬೆಲೆ. ಅದರ ಜೊತೆಗೆ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ: ಇದೇ ತಿನಿಸು ಬಿಸಿಬಿಸಿಯಾಗಿ ಕೌಂಟರಿನಲ್ಲೇ ಸಿಗುತ್ತದಾ? ಹೆಚ್ಚಿನ ಫ್ರೋಜನ್ ಪೊಟ್ಟಣಗಳು 150ರಿಂದ 400 ಯೆನ್ ಒಳಗೆ ಬರುತ್ತವೆ. 100 ಯೆನ್ ಅಂದರೆ ಹೆಚ್ಚುಕಮ್ಮಿ ಐವತ್ತು-ಅರವತ್ತು ರೂಪಾಯಿ. ಕಟ್ಟಿಸಿಕೊಂಡು ಹೋಗುವ ಆಹಾರಕ್ಕೆ ತೆರಿಗೆ ಶೇ. 8, ಅಂಗಡಿಯಲ್ಲೇ ಕೂತು ತಿಂದರೆ ಶೇ. 10. ಬೆಲೆ ಚೀಟಿಯಲ್ಲಿ ದೊಡ್ಡದಾಗಿ ಕಾಣುವ ಅಂಕಿ ಬಹಳ ಸಲ ತೆರಿಗೆ ಸೇರದ್ದು. ಸಣ್ಣಕ್ಷರದ ಅಂಕಿಯೇ ನೀವು ಕೊಡಬೇಕಾದದ್ದು.

ಉದೋನ್: ನನ್ನ ಮೊದಲ ಆಯ್ಕೆ

ದಪ್ಪನೆಯ ಗೋಧಿ ನೂಡಲ್ಸ್ ಉದೋನ್. ಫ್ರೋಜನ್ ಮಾಡಿದರೆ ಕೆಡದೇ ಇರೋದಷ್ಟೇ ಅಲ್ಲ, ಒಣಗಿಸಿದ ಉದೋನ್‌ಗಿಂತ ಇದೇ ಚೆನ್ನಾಗಿರುತ್ತದೆ. ಕಾರಣ ಸರಳ. ಆಗತಾನೇ ಬೆಂದ ಉದೋನ್‌ನ ಹೊರಪದರದಲ್ಲಿ ನೀರು ಜಾಸ್ತಿ, ನಡುವಿನಲ್ಲಿ ಕಡಿಮೆ. ಹೊರಗೆ ಮೆತ್ತಗೆ, ಕಚ್ಚಿದರೆ ಒಳಗೆ ಪುಟಿಯುವ ಗುಣ ಬರೋದು ಈ ವ್ಯತ್ಯಾಸದಿಂದ. ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ನೀರು ಒಳಗೂ ಇಳಿದು ಎಲ್ಲ ಒಂದೇ ಆಗಿಬಿಡುತ್ತದೆ. ಬೆಂದ ಕೂಡಲೇ ಹೆಪ್ಪುಗಟ್ಟಿಸಿದರೆ ಆ ಸ್ಥಿತಿ ಅಲ್ಲೇ ನಿಲ್ಲುತ್ತದೆ. ಹಿಟ್ಟಿಗೆ ಮರಗೆಣಸಿನ ಪಿಷ್ಟ ಬೆರೆಸುವವರೂ ಇದ್ದಾರೆ, ಅದರಿಂದ ಪುಟಿತ ಇನ್ನಷ್ಟು ಹೆಚ್ಚುತ್ತದೆ. ಉದೋನ್‌ಗೆ ಹೆಸರಾದ ಪ್ರಾಂತ್ಯ ಶಿಕೊಕು ದ್ವೀಪದ ಕಾಗಾವಾ, ಅದರ ಹಳೆಯ ಹೆಸರು ಸಾನುಕಿ. ಪೊಟ್ಟಣದ ಮೇಲೆ ಸಾನುಕಿ ಅಂತ ಇರೋದು ಆ ಶೈಲಿ ಅನ್ನೋದಕ್ಕೆ.

ಇಲ್ಲಿ ಎರಡು ದಾರಿ ಇವೆ. ಒಂದು, ಬರೀ ನೂಡಲ್ಸಿನ ಪೊಟ್ಟಣ. ಅದರಲ್ಲಿರೋದು ಗೋಧಿ, ಉಪ್ಪು, ಪಿಷ್ಟ. ಸಸ್ಯಾಹಾರಿಗಳಿಗೆ ಇದಕ್ಕಿಂತ ಭರವಸೆಯದು ಸಿಗೋದು ಕಷ್ಟ. ಮೂರ್ನಾಲ್ಕು ನಿಮಿಷ ಮೈಕ್ರೋವೇವ್ ಮಾಡಿ, ಬೆಣ್ಣೆ ಮತ್ತು ಸೋಯಾ ಸಾಸ್ ಹಾಕಿ ಕಲಸಿದರೆ ಊಟ ಆಯಿತು. ಊರಿಂದ ತಂದ ಚಟ್ನಿಪುಡಿ, ಎಣ್ಣೆ ಹಾಕಿ ಕಲಸಿದರೂ ಸೊಗಸು, ಜಪಾನಿಯರು ನೋಡಿದರೆ ಏನಂದುಕೊಳ್ಳುತ್ತಾರೋ ಬೇರೆ ಮಾತು! ಆದರೆ ಸೋಯಾ ಸಾಸ್ ಕೊಳ್ಳುವಾಗ ಬರೀ ಶೋಯು ಇರಲಿ. ದಾಶಿ-ಶೋಯು, ಮೆನ್‌ತ್ಸುಯು ಅಂತ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಕತ್ಸುಒ ಮೀನಿನ ಸಾರ ಇರುತ್ತದೆ.

ಇನ್ನೊಂದು, ಸಾರೂ ಮೇಲೋಗರವೂ ಸೇರಿದ ಅಲ್ಯೂಮಿನಿಯಂ ಪಾತ್ರೆಯ ನಾಬೆಯಾಕಿ ಉದೋನ್. ಸಾರು, ನೂಡಲ್ಸ್, ಹಿಟ್ಟಿನಲ್ಲಿ ಅದ್ದಿ ಕರಿದ ಸೀಗಡಿ (ತೆಂಪುರಾ) ಎಲ್ಲವೂ ಪಾತ್ರೆಯಲ್ಲೇ ಹೆಪ್ಪುಗಟ್ಟಿರುತ್ತವೆ. ಕೆಲವಕ್ಕೆ ನೀರೂ ಹಾಕಬೇಕಿಲ್ಲ, ಒಲೆ ಮೇಲಿಟ್ಟರೆ ಸಾಕು. ಚಳಿಗಾಲದ ರಾತ್ರಿಗೆ ಹೇಳಿ ಮಾಡಿಸಿದ್ದು. ಆದರೆ ಒಲೆ ಬೇಕೇ ಬೇಕು, ಅಲ್ಯೂಮಿನಿಯಂ ಪಾತ್ರೆಯನ್ನು ಮೈಕ್ರೋವೇವ್‌ಗೆ ಇಡುವಂತಿಲ್ಲ. ಹೋಟೆಲ್‌ನವರು ಇದರ ಆಸೆ ಬಿಡಬೇಕು. ಸಾರಿನಲ್ಲಿ ಮೀನು ಖಂಡಿತ.

ಫ್ರೈಡ್ ರೈಸ್: ಮಾಂಸಾಹಾರಿಗಳಿಗೆ ಕೊಟ್ಟ ಕಾಸಿಗೆ ಮೋಸವಿಲ್ಲ

ಜಪಾನಿನಲ್ಲಿ ಇದಕ್ಕೆ ಚಾಹಾನ್ ಅನ್ನುತ್ತಾರೆ. ಅನ್ನದ ಅಗುಳುಗಳು ಅಂಟಿಕೊಳ್ಳದ ಹಾಗೆ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿರುತ್ತಾರೆ, ಪೊಟ್ಟಣ ಅಲುಗಿಸಿದರೆ ಸದ್ದು ಬರುತ್ತದೆ. ಬಾಣಲೆಯಲ್ಲಿ ಹುರಿದ ವಾಸನೆ ಮೈಕ್ರೋವೇವ್ ಮಾಡಿದ ಮೇಲೂ ಉಳಿದಿರುತ್ತದೆ. ನಿಚಿರೇ ಕಂಪನಿ 2001ರಲ್ಲಿ ತಂದ ಚಾಹಾನ್ ಇವತ್ತಿಗೂ ಸೂಪರ್‌ಮಾರ್ಕೆಟ್ಟಿನಲ್ಲಿ ಕಾಣುತ್ತದೆ. ಕೊಂಬಿನಿಗಳು ತಮ್ಮದೇ ಹೆಸರಿನಲ್ಲಿ ಒಬ್ಬರಿಗೆ ಸಾಕಾಗುವ ಪೊಟ್ಟಣ ಮಾರುತ್ತವೆ. ಕಪ್ಪಿನಲ್ಲೇ ಬರುವ ಚಾಹಾನ್ ಕೂಡ ಇದೆ. ತಟ್ಟೆ ಇಲ್ಲದ ಹೋಟೆಲ್ ಕೋಣೆಗೆ ಕಪ್ಪೇ ಒಳ್ಳೆಯದು, ಪ್ರಮಾಣ ಸ್ವಲ್ಪ ಕಡಿಮೆ ಅನ್ನೋದೊಂದೇ ಕೊರತೆ. ಹಸಿದವರಿಗೆ ಚೀಲದ್ದೇ ಲಾಭ.

ಸಸ್ಯಾಹಾರಿಗಳು ಇದನ್ನು ಬಿಡಬೇಕು. ಹಂದಿ ತುಂಡು ಕಾಣದಿದ್ದರೂ ಹಂದಿ ಕೊಬ್ಬು, ಕೋಳಿ ಸಾರ ಎರಡರಲ್ಲೊಂದು ಇದ್ದೇ ಇರುತ್ತದೆ ಅಂದುಕೊಂಡರೆ ಕ್ಷೇಮ. ಪಲಾವಿನಂಥ ಸೀಗಡಿ ಪಿಲಾಫ್ ಕೂಡ ಹಾಗೇ. ಹಂದಿ ಬೇಡ, ಸೀಗಡಿ ನಡೆಯುತ್ತದೆ ಅನ್ನುವವರು ಪಿಲಾಫ್ ಎತ್ತಿಕೊಳ್ಳುವ ಮುಂಚೆಯೂ ಹಿಂಭಾಗ ಓದಲಿ.

ಖಾರ ಬೇಕೆಂದವರಿಗೆ ಸಾರಿಲ್ಲದ ನೂಡಲ್ಸ್

ಜಪಾನಿನ ಊಟ ಸಪ್ಪೆ ಅಂತ ಗೊಣಗುವ ಕನ್ನಡಿಗರಿಗೆ ನಾನು ತೋರಿಸೋದು ಶಿರುನಾಶಿ ತಾಂತಾನ್‌ಮೆನ್. ಎಳ್ಳಿನ ಪೇಸ್ಟ್, ಮೆಣಸಿನ ಎಣ್ಣೆ, ಹಂದಿ ಕೈಮಾ, ನಾಲಿಗೆ ಜುಮ್ಮೆನಿಸುವ ಚೀನೀ ಮೆಣಸು ಸೇರಿದ ನೂಡಲ್ಸ್. ಸಾರಿಲ್ಲದ್ದರಿಂದ ಹೆಪ್ಪುಗಟ್ಟಿಸೋದೂ ಸುಲಭ, ಹೋಟೆಲ್ ಕಾರಿಡಾರಿನಲ್ಲಿ ಚೆಲ್ಲದೆ ತರೋದೂ ಸುಲಭ. ಸೆವೆನ್-ಇಲೆವೆನ್ ಎಂಬ ಕೊಂಬಿನಿ ಸರಣಿಯಲ್ಲಿ ಮೋಕೊ ತಾನ್‌ಮೆನ್ ನಾಕಾಮೊತೊ ಎಂಬ ಖಾರಕ್ಕೆ ಹೆಸರಾದ ತೋಕ್ಯೊ ರಾಮೆನ್ ಅಂಗಡಿಯ ಹೆಸರಿನ ಫ್ರೋಜನ್ ನೂಡಲ್ಸ್ ಬರುತ್ತದೆ. ಅದು ನಿಜವಾಗಿಯೂ ಖಾರ. ಗುಂಟೂರು ಮೆಣಸಿಗೆ ಹೊಂದಿದ ನಾಲಿಗೆಯೂ ಒಂದು ಲೋಟ ನೀರು ಕೇಳುತ್ತದೆ. ಸಾಧಾರಣ ಖಾರ ಸಾಕು ಅನ್ನುವವರು ತಾಂತಾನ್‌ಮೆನ್‌ಗೇ ನಿಲ್ಲಲಿ. ಎರಡರಲ್ಲೂ ಹಂದಿ ಇದೆ.

ಗ್ಯೋಜಾ, ಪಿಜ್ಜಾ, ಮತ್ತೆ ಆ ಗರಿಗರಿಯ ಸಮಸ್ಯೆ

ಗ್ಯೋಜಾ ಅಂದರೆ ನಮ್ಮ ಕಡುಬಿನಂತೆ ಮಡಿಸಿದ, ಒಂದು ಬದಿ ಬಾಣಲೆಗೆ ತಗುಲಿ ಕೆಂಪಗಾದ ತಿನಿಸು. ಫ್ರೋಜನ್ ಗ್ಯೋಜಾದಲ್ಲಿ ಹೆಸರು ಮಾಡಿದ್ದು ಅಜಿನೊಮೊತೊ. 1972ರಿಂದ ಮಾರುತ್ತಿದ್ದಾರೆ, 2012ರಿಂದ ಎಣ್ಣೆಯೂ ನೀರೂ ಬೇಡದ ಬಗೆ ಬಂದಿದೆ. ತಣ್ಣನೆಯ ಬಾಣಲೆಯಲ್ಲಿ ಜೋಡಿಸಿ, ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಸುಮಾರು 5 ನಿಮಿಷ ಬೇಯಿಸಿ, ಆಮೇಲೆ ಮುಚ್ಚಳ ತೆಗೆದು ಅದೇ ಬಿಟ್ಟ ನೀರು ಆರಿಸಿದರೆ ಅಡಿಯಲ್ಲಿ ತೆಳ್ಳನೆಯ ಗರಿಗರಿ ಪದರ ಮೂಡುತ್ತದೆ. ಇದು ಜಾಸ್ತಿ ಸಿಗೋದು ಸೂಪರ್‌ಮಾರ್ಕೆಟ್ಟಿನಲ್ಲಿ, ಅಡುಗೆಮನೆ ಇದ್ದವರು ಅಲ್ಲಿಂದಲೇ ತರಲಿ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವ ಗ್ಯೋಜಾ ಮೆತ್ತಗೆ ಇರುತ್ತದೆ. ತಿನ್ನಬಹುದು, ಆದರೆ ಗ್ಯೋಜಾ ಹೀಗೇ ಇರುತ್ತದೆ ಅಂತ ತೀರ್ಮಾನಿಸಿಬಿಡಬೇಡಿ. ಒಳಗೆ ಸಾಮಾನ್ಯವಾಗಿ ಹಂದಿ.

ಪಿಜ್ಜಾ ವಿಷಯದಲ್ಲಿ ಸೆವೆನ್-ಇಲೆವೆನ್‌ನ ಗೋಲ್ಡ್ ಸಾಲಿನ ಮಾರ್ಗೆರಿಟಾ ಒಳ್ಳೆಯದು, ಉಳಿದ ಪೊಟ್ಟಣಗಳಿಗಿಂತ ದುಬಾರಿ. ಟೋಸ್ಟರ್ ಅಥವಾ ಓವನ್ ಇದ್ದರೆ ಮಾತ್ರ ಆ ದುಡ್ಡಿಗೆ ಅರ್ಥ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ ರೊಟ್ಟಿ ತೊಗಲಿನಂತಾಗುತ್ತದೆ. ಮಕ್ಕಳ ಜೊತೆ ಬಾಡಿಗೆ ಮನೆಯಲ್ಲಿ ಇಳಿದವರಿಗೆ, ಚೀಸ್ ತಿನ್ನುವ ಸಸ್ಯಾಹಾರಿಗಳಿಗೆ ಇದೊಂದು ಆಸರೆ. ಆದರೂ ಸಾಸಿನಲ್ಲಿ ಏನಿದೆ ಅಂತ ಹಿಂಭಾಗ ನೋಡಿಯೇ ಕೊಳ್ಳಿ.

ಆಕ್ಟೋಪಸ್ ತುಂಡು ಇಟ್ಟ ಉಂಡೆ ತಾಕೊಯಾಕಿ, ಎಲೆಕೋಸಿನ ದಪ್ಪ ದೋಸೆಯಂಥ ಒಕೊನೊಮಿಯಾಕಿ ಫ್ರೋಜನ್ ಸಿಗುತ್ತವೆ. ಒಸಾಕಾಗೆ ಹೋಗುವ ಯೋಜನೆ ಇದ್ದರೆ ಅಲ್ಲಿ ಬೀದಿಯಲ್ಲೇ ತಿನ್ನಿ, ಇದನ್ನು ಬಿಡಿ. ಕಾರಾಆಗೆ, ಅಂದರೆ ಕರಿದ ಕೋಳಿ, ಅದನ್ನಂತೂ ಫ್ರೀಜರಿನಿಂದ ತೆಗೆಯಬೇಡಿ. ಎರಡು ಹೆಜ್ಜೆ ಆಚೆ ಕೌಂಟರಿನಲ್ಲೇ ಬಿಸಿ ಇರುತ್ತದೆ. ಇನ್ನೊಂದು ಕೊಂಬಿನಿ ಸರಣಿ ಲಾಸನ್‌ನ ಕಾರಾಆಗೆ-ಕುನ್ 1986ರಿಂದ ಇದೆ, ಫ್ಯಾಮಿಲಿಮಾರ್ಟ್‌ನ ಫಾಮಿಚಿಕಿ 2006ರಿಂದ. ಬಿಸಿಯದು ಎದುರಿಗೇ ಇರುವಾಗ ಹೆಪ್ಪುಗಟ್ಟಿದ್ದು ಯಾಕೆ ಬೇಕು, ಅಲ್ವಾ?

ಬಿಸಿ ಮಾಡದೇ ತಿನ್ನುವಂಥವು

ಎದಮಾಮೆ ಅಂದರೆ ಎಳೆ ಸೋಯಾ ಕಾಯಿ. ಬೇಯಿಸಿ, ಉಪ್ಪು ಹಾಕಿ ಹೆಪ್ಪುಗಟ್ಟಿಸಿರುತ್ತಾರೆ. ಹೊರಗಿಟ್ಟು ಕರಗಿಸಿ ತಿನ್ನಬಹುದಾದ ಬಗೆಗಳು ಬೇಕಾದಷ್ಟಿವೆ, ಪೊಟ್ಟಣದ ಮೇಲೆ ಹಾಗೆ ಬರೆದಿರುತ್ತದೆ. ತಣ್ಣೀರಿನಲ್ಲಿ ತೊಳೆದರೆ ಇನ್ನೂ ಬೇಗ. ಪ್ರೋಟೀನ್ ಇದೆ, ಮೀನು-ಮಾಂಸದ ಗೊಡವೆ ಇಲ್ಲ, ಬೆಲೆಯೂ ಕಡಿಮೆ. ಅವರೆಕಾಳು ಸುಲಿದು ತಿಂದು ಬೆಳೆದವರಿಗೆ ರುಚಿ ಹೊಸದೇನೂ ಅನಿಸೋದಿಲ್ಲ. ಇದು ಜಪಾನಿನದೇ ಬೆಳೆ ಅಂದುಕೊಳ್ಳಬೇಡಿ, ಬಹುಪಾಲು ತೈವಾನ್, ಚೀನಾ, ಥಾಯ್ಲೆಂಡಿನಿಂದ ಬರುತ್ತದೆ. ಅದರಿಂದ ರುಚಿಗೇನೂ ಕಡಿಮೆಯಿಲ್ಲ.

ಪಕ್ಕದಲ್ಲೇ ಪಾಲಕ್, ಬ್ರೊಕೊಲಿ, ಕೆಲವು ಕಡೆ ಹೆಚ್ಚಿದ ಬೆಂಡೆಕಾಯಿ ಕೂಡ ಇರುತ್ತವೆ. ಜಪಾನಿನಲ್ಲಿ ಹಸಿ ತರಕಾರಿ ಬೆಲೆ ನೋಡಿ ಬೆಚ್ಚಿದವರಿಗೆ ಇವು ಒಳ್ಳೆಯ ದಾರಿ. ಹುಳಿಗೆ ಹಾಕಿದರೆ ಗೊತ್ತೇ ಆಗೋದಿಲ್ಲ, ಪಲ್ಯಕ್ಕೆ ಮಾತ್ರ ನೀರು ಬಿಡುತ್ತವೆ. ಮಾವು, ಬ್ಲೂಬೆರಿ ಹೋಳುಗಳೂ ಇವೆ. ಸೆವೆನ್-ಇಲೆವೆನ್‌ನ ಅನೇಕ ಅಂಗಡಿಗಳಲ್ಲಿ ಹೆಪ್ಪುಗಟ್ಟಿದ ಹಣ್ಣಿನ ಕಪ್ ಕೊಂಡು, ಅಲ್ಲೇ ಯಂತ್ರಕ್ಕೆ ಇಟ್ಟು ಸ್ಮೂದಿ ಮಾಡಿಕೊಳ್ಳಬಹುದು. ಬೆಳಗಿನ ತಿಂಡಿಗೆ ಏನೂ ಸಿಗದ ಸಸ್ಯಾಹಾರಿಗೆ ಇದು ಸಲೀಸು.

ಐಸ್‌ಕ್ರೀಮ್ ಬಿಟ್ಟರೆ ಈ ಮಾತು ಪೂರ್ತಿಯಾಗೋದಿಲ್ಲ. ಜಪಾನಿನಲ್ಲಿ ಲೇಬಲ್ ಮೇಲಿನ ವರ್ಗ ನೋಡಿದರೆ ಗುಣ ಗೊತ್ತಾಗುತ್ತದೆ. ಐಸ್‌ಕ್ರೀಮ್ ಅಂತ ಬರೆಯಬೇಕಾದರೆ ಹಾಲಿನ ಕೊಬ್ಬು ಕನಿಷ್ಠ ಶೇ. 8 ಇರಬೇಕು. ಐಸ್ ಮಿಲ್ಕ್‌ಗೆ ಶೇ. 3 ಸಾಕು. ಲಾಕ್ಟೊ ಐಸ್‌ನಲ್ಲಿ ಬಹಳ ಸಲ ಸಸ್ಯಜನ್ಯ ಎಣ್ಣೆಯದೇ ಕೊಬ್ಬು. ಅಗ್ಗದ್ದು ಯಾಕೆ ಅಗ್ಗ ಅನ್ನೋದು ಅಲ್ಲೇ ಬರೆದಿರುತ್ತದೆ. ಇಮುರಾಯಾ ಕಂಪನಿಯ ಅಜುಕಿ ಬಾರ್ ನನಗೆ ಎಲ್ಲಕ್ಕಿಂತ ಇಷ್ಟ. 1973ರಿಂದ ಇದೆ. ಸಕ್ಕರೆ, ಕೆಂಪು ಅಜುಕಿ ಕಾಳು, ಪಿಷ್ಟದಿಂದ ಮಾಡಿದ ಸಿಹಿ ಪಾಕ, ಮೆಕ್ಕೆಜೋಳದ ಪಿಷ್ಟ, ಉಪ್ಪು, ಇಷ್ಟೇ. ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಹೂರಣ ತಿಂದು ಬೆಳೆದವರಿಗೆ ಕಾಳಿನ ಸಿಹಿ ವಿಚಿತ್ರ ಅನಿಸೋದಿಲ್ಲ. ಆದರೆ ಕಲ್ಲಿನಷ್ಟು ಗಟ್ಟಿ. ಹಲ್ಲಿನ ಕೆಲಸ ಮಾಡಿಸಿಕೊಂಡವರು ಐದು ನಿಮಿಷ ಕಾಯಿರಿ. ಅಕ್ಕಿಹಿಟ್ಟಿನ ಮೋಚಿಯೊಳಗೆ ಐಸ್ ಇಟ್ಟ ಯುಕಿಮಿ ದಾಯ್‌ಫುಕು 1981ರಿಂದಲೂ ಮಕ್ಕಳ ಮೆಚ್ಚಿನದು. ಮೊಟ್ಟೆ ತಿನ್ನದವರು ಮೋಚಿ ಬಗೆಯದನ್ನೆಲ್ಲ ಲೇಬಲ್ ನೋಡಿ ಕೊಳ್ಳಲಿ.

ಲೇಬಲ್ ಓದುವಾಗ ಎಡವುವ ಜಾಗ

ಫೋನಿನ ಕ್ಯಾಮೆರಾ ಅನುವಾದ ಸಾಕಷ್ಟು ಸಹಾಯ ಮಾಡುತ್ತದೆ. ಜೊತೆಗೆ ಕೆಲವು ಮಾತು ಗೊತ್ತಿರಲಿ, ಅಂಗಡಿಯವರನ್ನು ಕೇಳೋಕೂ ಬೇಕಾಗುತ್ತದೆ. ಬುತಾನಿಕು ಹಂದಿ ಮಾಂಸ, ತೋರಿನಿಕು ಕೋಳಿ, ಗ್ಯೂನಿಕು ದನ, ರಾಡೊ ಹಂದಿ ಕೊಬ್ಬು, ಎಕಿಸು ಅಂದರೆ ಸಾರ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಜಾಸ್ತಿ ಇರೋದು ಮೊದಲು ಬರುತ್ತದೆ, ಇಂಥ ಸಾರಗಳು ಕೊನೆಯಲ್ಲಿ ಅಡಗಿರುತ್ತವೆ.

ಅಲರ್ಜಿ ಚೌಕ ಅಂತ ಒಂದು ಇರುತ್ತದೆ. ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ ಇಂಥವನ್ನು ಕಾನೂನು ಪ್ರಕಾರ ತೋರಿಸಲೇಬೇಕು. ಹಂದಿ, ಕೋಳಿ, ದನ, ಜೆಲಟಿನ್ ಕಡ್ಡಾಯವಲ್ಲ, ಆದರೂ ಅನೇಕ ಕಂಪನಿಗಳು ತೋರಿಸುತ್ತವೆ. ಹಾಗಾಗಿ ಸಸ್ಯಾಹಾರಿಗಳು ಚೌಕವನ್ನೇ ನೋಡಿ ಮುಗಿಸುತ್ತಾರೆ. ಸಿಕ್ಕಿಬೀಳೋದು ಇಲ್ಲೇ. ದಾಶಿ ಎಂಬ ಜಪಾನೀ ಸಾರಿಗೆ ಹಾಕುವ ಕತ್ಸುಒ ಮೀನು ಆ ಚೌಕದ ಪಟ್ಟಿಯಲ್ಲೇ ಇಲ್ಲ. ಚೌಕ ಖಾಲಿ ಇದ್ದರೂ ಮೀನಿನ ಸಾರ ಇರಬಹುದು. ಸೋಯಾ ಸಾಸ್ ಹಚ್ಚಿ ಸುಟ್ಟ ಯಾಕಿ-ಒನಿಗಿರಿ ನೋಡೋಕೆ ಬರೀ ಅನ್ನ. ಅದರಲ್ಲೂ ಇದು ಅಡಗಿರಬಹುದು.

ಇನ್ನು ವ್ಯಾಟ್. ಹೆಚ್ಚಿನ ಪೊಟ್ಟಣಗಳ ಮೇಲೆ 500 ಮತ್ತು 600 ವ್ಯಾಟ್‌ನ ಸಮಯ ಕೊಟ್ಟಿರುತ್ತಾರೆ. ಅಂಗಡಿಯ ಮೈಕ್ರೋವೇವ್ 1500 ವ್ಯಾಟ್‌ನದು, ಅದು ಬೆಂತೊ ಅನ್ನುವ ಡಬ್ಬಿ ಊಟಗಳಿಗೆ. ಫ್ರೋಜನ್ ಪೊಟ್ಟಣವನ್ನು ಅದರಲ್ಲಿ ಬಿಸಿ ಮಾಡಿಕೊಡುತ್ತಾರೆ ಅಂತ ನಂಬಿ ಹೋಗಬೇಡಿ. ಚೀಲ ಒಡೆಯದೇ ಇಡಬೇಕೋ, ತುದಿ ಕತ್ತರಿಸಬೇಕೋ ಅನ್ನೋದನ್ನು ಚಿತ್ರದಲ್ಲೇ ತೋರಿಸಿರುತ್ತಾರೆ. ಚಮಚ, ಚಾಪ್‌ಸ್ಟಿಕ್ ಬೇಕಾದರೆ ದುಡ್ಡು ಕೊಡುವಾಗಲೇ ಕೇಳಿ. ಪ್ಲಾಸ್ಟಿಕ್ ಕೈಚೀಲಕ್ಕೆ 2020ರ ಜುಲೈಯಿಂದ ಕಾಸು ಕೊಡಬೇಕು.

ಯಾವ ಅಂಗಡಿ?

ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಹತ್ತಿರ ಇರೋದಕ್ಕೆ ಹೋಗಿ. ಆದರೂ ಸೆವೆನ್-ಇಲೆವೆನ್, ಫ್ಯಾಮಿಲಿಮಾರ್ಟ್, ಲಾಸನ್ ಮೂರೂ ಒಂದೇ ಬೀದಿಯಲ್ಲಿದ್ದರೆ ಊಟದ ಬಗೆಗಳಿಗೆ ಸೆವೆನ್-ಇಲೆವೆನ್ ಮೊದಲು. ಅಂಗಡಿಗಳೂ 21 ಸಾವಿರ ದಾಟಿವೆ. ಖಾರದ ನೂಡಲ್ಸ್, ಅನ್ನಕ್ಕೆ ಫ್ಯಾಮಿಲಿಮಾರ್ಟ್‌ನ ಫಾಮಿಮಾರು ಹೆಸರಿನವು ಚೆನ್ನಾಗಿವೆ. ಸಿಹಿಗೆ, ಬ್ರೆಡ್ಡಿಗೆ ನಾನು ಲಾಸನ್ ಕಡೆ ತಿರುಗುತ್ತೇನೆ. ಹೊಕ್ಕಾಯ್ದೊಗೆ ಹೋದವರು ಅಲ್ಲಿನ ಸೇಕೊಮಾರ್ಟ್ ಬಿಡಬೇಡಿ, ಅವರ ಕರಬೂಜದ ಐಸ್‌ಕ್ರೀಮ್ ತಿನ್ನಲೇಬೇಕಾದ್ದು. ಋತು ಬದಲಾದಂತೆ ಸರಕೂ ಬದಲಾಗುತ್ತದೆ, ಹೋದ ತಿಂಗಳು ಕಂಡಿದ್ದು ಈ ತಿಂಗಳು ಇಲ್ಲದಿರಬಹುದು.

ಅಲ್ಲೇ ವಾಸ ಇರುವವರ ಲೆಕ್ಕ ಬೇರೆ. ಭಾರತೀಯರು ಹೆಚ್ಚಿರುವ ತೋಕ್ಯೊದ ನಿಶಿ-ಕಸಾಯ್ ಕಡೆ ಇರುವ ನಮ್ಮವರು ದಿನಾ ಕೊಂಬಿನಿಯಲ್ಲಿ ಕೊಂಡರೆ ತಿಂಗಳ ಕೊನೆಗೆ ತಿಳಿಯುತ್ತದೆ. ಉದೋನ್, ತರಕಾರಿ, ಎದಮಾಮೆಯನ್ನು ಸೂಪರ್‌ಮಾರ್ಕೆಟ್ಟಿನಲ್ಲಿ ತನ್ನಿ, ಐದು ಉಂಡೆ ಉದೋನ್‌ನ ಚೀಲ ಬಹಳ ಅಗ್ಗ. ದೊಡ್ಡ ಚೀಲ ಬೇಕೆಂದರೆ ಗ್ಯೋಮು ಸೂಪರ್ ಎಂಬ ಅಗ್ಗದ ಸೂಪರ್‌ಮಾರ್ಕೆಟ್. ಬಗೆ ಬೇಕೆಂದರೆ ಇಯಾನ್ ಸೂಪರ್‌ಮಾರ್ಕೆಟ್ ಕಂಪನಿ 2022ರಲ್ಲಿ ತೋಕ್ಯೊ ಪಕ್ಕದ ಶಿನ್-ಉರಾಯಾಸುವಿನಲ್ಲಿ ಶುರು ಮಾಡಿದ ಫ್ರೋಜನ್ ಆಹಾರದ್ದೇ ಅಂಗಡಿ ಇದೆ. ಕೊಂಬಿನಿಯನ್ನು ತಡರಾತ್ರಿಗೆ, ಒಬ್ಬರ ಊಟಕ್ಕೆ ಇಟ್ಟುಕೊಳ್ಳಿ.

ಪ್ರವಾಸಕ್ಕೆ ಬಂದವರು ಮಾಂಸ ತಿನ್ನುವುದಾದರೆ ಒಂದು ರಾತ್ರಿ ಕಪ್ ಚಾಹಾನ್, ಇನ್ನೊಂದು ರಾತ್ರಿ ತಾಂತಾನ್‌ಮೆನ್ ಪ್ರಯತ್ನಿಸಲಿ. ಎರಡೂ ಸೇರಿ ಹೊರಗಿನ ಒಂದು ಬಟ್ಟಲು ರಾಮೆನ್‌ಗಿಂತ ಕಡಿಮೆಯಲ್ಲಿ ಮುಗಿಯುತ್ತವೆ. ಸಸ್ಯಾಹಾರಿಗಳು ಬರೀ ಉದೋನ್ ಜೊತೆ ಎದಮಾಮೆ ತಗೊಳ್ಳಲಿ, ಮೈಕ್ರೋವೇವ್ ಇಲ್ಲದಿದ್ದರೆ ಎದಮಾಮೆ ಮತ್ತು ಹಣ್ಣು. ಅಜುಕಿ ಬಾರ್ ಎಲ್ಲರಿಗೂ ಆಗುತ್ತದೆ. ಅದನ್ನು ಬಿಲ್ ಮಾಡಿಸುವ ಮುಂಚೆ ಕೊನೆಯಲ್ಲಿ ಎತ್ತಿಕೊಳ್ಳಿ, ಹೋಟೆಲ್ ದೂರ ಇದ್ದರೂ ಅದು ಅಷ್ಟು ಸುಲಭಕ್ಕೆ ಕರಗೋದಿಲ್ಲ.